ಅಳತೆ ಪುಸ್ತಕ

ಕಾಳಾಚೌಕಿಯ ಚಾಳಿನ ಮೆಟ್ಟಿಲ ಕೆಳಗೆ
ಒಂದು ಮಶೀನು, ಒಂದು ಸ್ಟೂಲು, ನಾನು.
ಗಿರಾಕಿಗಳ ಮೈಯನ್ನೆಲ್ಲ ಇಂಚಿನಲ್ಲಿ ಬರೆದಿಟ್ಟ
ಉದ್ದ ಪುಸ್ತಕ. ಅದರಲ್ಲಿ
ಎಲ್ಲರಿಗೂ ತೋಳಿಗೆ ಒಂದೇ ಅಂಕಿ,
ಅಂಬುಜಾಕ್ಷಿ ಟೀಚರಿಗೆ ಮಾತ್ರ ಎರಡು.

ಬಲ ಹನ್ನೊಂದು. ಎಡ ಹನ್ನೆರಡೂವರೆ.
ಇದು ಮೊಲೆ ತೆಗೆದ ಮರುವರ್ಷದ ದೀಪಾವಳಿ.
ಕಂಕುಳಿನ ಗಂಟುಗಳನ್ನೂ ಕೆರೆದು ತೆಗೆದರಂತೆ,
ಉಳಿದ ಜಾಗಕ್ಕೆ ಕರೆಂಟು ಕೊಟ್ಟು ಸುಟ್ಟರಂತೆ,
ಇಳಿದು ಹೋಗುವ ದಾರಿ ಮುಚ್ಚಿ
ನೀರು ಕೈಯಲ್ಲೇ ನಿಂತಿತಂತೆ.
"ಜುಲೈ ತಿಂಗಳ ಹಿಂದ್‌ಮಾತಾ ಕಣೇ ಇದು,
ಗಟಾರ ಕಟ್ಟಿದೆ" ಎಂದು ನಕ್ಕರು.

ಆಮೇಲೆ ಹದಿಮೂರು. ಹದಿನಾಲ್ಕೂ ಕಾಲು.
ಒಂದು ಮಳೆಗಾಲ ಸೊಳ್ಳೆ ಕಚ್ಚಿ, ಕೈ ಕೆಂಪಾಗಿ,
ಜ್ವರ ಬಂದು, ಹದಿನಾರು.
ಪಟ್ಟಿ ಬಿಗಿದು ಬಿಗಿದು ಹದಿನೈದಕ್ಕೆ ಇಳಿಸಿದರು.
ಬಳೆ ಬಿಟ್ಟರು. ಉಂಗುರವನ್ನು ಅಕ್ಕಸಾಲಿ ಕತ್ತರಿಸಿದ.
ಲೋಕಲ್ಲಿನಲ್ಲಿ ಹೆಂಗಸರು ಕೇಳುವರು,
ಕಾಯ್ ಝಾಲಂ ಮಾವಶೀ?
"ಭೀಮ ಬಂದು ಕೂತಿದ್ದಾನೆ" ಎನ್ನುವರು ಇವರು
ಅವರಿಗೆ ತಿಳಿಯದ ಕನ್ನಡದಲ್ಲಿ.

ಆ ಕೈಗೆ ಸೂಜಿ ಮುಟ್ಟಿಸಬಾರದು.
ನರ್ಸಿಗೂ ಅದೇ ಕಾನೂನು, ನನಗೂ.
ಗುಂಡುಸೂಜಿಯ ಡಬ್ಬಿ ಆಚೆ ಇಟ್ಟು
ನೀಲಿ ಸುಣ್ಣದಲ್ಲೇ ಗುರುತು ಹಾಕುತ್ತಿದ್ದೆ.
ಸುಣ್ಣದ ಕಡ್ಡಿ ಹಿಡಿಯಲು ಕಲಿಸಿದ್ದೂ ಅವರೇ,
ಮುನ್ಸಿಪಾಲ್ಟಿ ಕನ್ನಡ ಶಾಲೆಯ ಎರಡನೇ ಇಯತ್ತೆ,
ನನ್ನ ಮುಷ್ಟಿಯ ಮೇಲೆ ಅವರ ಮುಷ್ಟಿ.
ಇದೇ ಕೈ. ಅವರು ಎಡಚರು.

ಹದಿನಾಲ್ಕನೇ ವರ್ಷ, ಗಣಪತಿ ಮುಳುಗಿದ ವಾರ,
ಹೊಸ ಬ್ಲೌಸು ಹಾಕಿ ನೋಡಲು ಬಂದರು.
ಮೊಣಕೈಯ ಮೇಲೆ ನೀಲಿ ಕಲೆ.
ನನ್ನದೇ ಸುಣ್ಣ ಹತ್ತಿರಬೇಕೆಂದು
ಒದ್ದೆ ಚಿಂದಿಯಲ್ಲಿ ಒರೆಸಿದೆ.
ಹೋಗಲಿಲ್ಲ.
ಇನ್ನೊಮ್ಮೆ ಒರೆಸಿದೆ, ಸ್ಲೇಟು ಒರೆಸಿದ ಹಾಗೆ.
ಪಕ್ಕದಲ್ಲಿ ಇನ್ನೆರಡಿದ್ದವು, ಸಣ್ಣವು,
ನೇರಳೆ ತಿಂದ ನಾಲಗೆಯ ಬಣ್ಣ.
"ಬಾಗಿಲು ತಾಗಿರಬೇಕು" ಅಂದರು.
ಇರಬೇಕು ಅಂದೆ ನಾನೂ.
ಹಾಗೆ ಅಂದುಕೊಂಡು ಎರಡು ತಿಂಗಳು ಹೋದವು.
ಆ ಎರಡು ತಿಂಗಳನ್ನು ಯಾವ ಪುಟದಲ್ಲೂ ಬರೆದಿಲ್ಲ.

ಪರೇಲಿನಲ್ಲಿ ಚೂರು ಕಿತ್ತು ನೋಡಿದರು.
ಹಳೆಯದು ಮರಳಿದ್ದಲ್ಲ, ಇದು ಬೇರೆ,
ವರ್ಷಗಟ್ಟಲೆ ನೀರು ನಿಂತ ಕೈಯಲ್ಲೇ
ರಕ್ತನಾಳದ ಒಳಗೋಡೆಯಿಂದ ಹುಟ್ಟಿದ್ದು.
ಎಷ್ಟು ಅಪರೂಪವೆಂದರೆ
ಕಲಿಯುವ ಡಾಕ್ಟರುಗಳು ಸಾಲು ನಿಂತು ನೋಡಿದರಂತೆ.
"ಹಾಜರಿ ಕರೆಯೋಣ ಅನ್ನಿಸಿತು" ಅಂದರು.
ರೋಗದ ಹೆಸರನ್ನು ಕೇಸ್ ಪೇಪರಿನ ಹಿಂದೆ
ಬಲಗೈಯಲ್ಲಿ, ಮಕ್ಕಳ ಹಾಗೆ, ಕನ್ನಡದಲ್ಲಿ ಬರೆದುಕೊಂಡಿದ್ದರು.
ನನ್ನಿಂದ ಬಿಡಿಸಿ ಬಿಡಿಸಿ ಓದಿಸಿದರು,
ತಪ್ಪಿದಾಗ ತಿದ್ದಿದರು.
ಮತ್ತೆ, ಕಾಗದ ಮಡಚುತ್ತ,
ಭುಜದಿಂದಲೇ ತೆಗೆಯುತ್ತಾರಂತೆ.
ಗುರುವಾರ.

ಚೀಲದಿಂದ ಬಟ್ಟೆ ತೆಗೆದರು. ಅರಿಶಿನ ಬಣ್ಣದ ಖಣ,
ಹಸಿರು ಅಂಚು. ಮನೆಗೆ ಬರುವ ದಿನಕ್ಕಂತೆ.
ಟೇಪು ನನ್ನ ಕೊರಳಲ್ಲೇ ಇತ್ತು.
ಕೇಳಲು ಬಾಯಿ ಬರಲಿಲ್ಲ.
"ತೋಳು ಎರಡೂ ಇಡು" ಅಂದರು.
ಎಷ್ಟು ಇಂಚು ಎಂದು ಹೇಳಲಿಲ್ಲ.

ರಾತ್ರಿ ಪುಸ್ತಕವನ್ನು ಹಿಂದಕ್ಕೆ ಮಗುಚಿದೆ.
ಹದಿನಾರು, ಹದಿನಾಲ್ಕೂ ಕಾಲು, ಹನ್ನೆರಡೂವರೆ,
ಜಿರಲೆ ತಿಂದ ಅಂಚು, ಎಣ್ಣೆ ಕಲೆ,
ಅದಕ್ಕೂ ಹಿಂದೆ, ಆಪರೇಶನ್ನಿನ ಮೊದಲಿನ ಪುಟ:
ತೋಳು, ಹನ್ನೊಂದು.
ಒಂದೇ ಅಂಕಿ.

ಹಾಗೇ ಕತ್ತರಿಸಿದೆ.
ಇಷ್ಟು ವರ್ಷ ಎಡಕ್ಕೆ ಜೋಡು ಕೊಟ್ಟು ಕೊಟ್ಟು
ಅವರ ಬಟ್ಟೆಯಲ್ಲಿ ಚೂರೂ ಮಿಕ್ಕಿದ್ದಿಲ್ಲ.
ಈ ಸಲ ಒಂದು ಗೇಣು ಉಳಿಯಿತು.
ಗಿರಾಕಿಯ ಬಟ್ಟೆ, ಇಟ್ಟುಕೊಳ್ಳುವ ಹಾಗಿಲ್ಲ.
ನಾಲ್ಕು ಮಡಿಕೆ ಮಡಚಿ
ಎಡತೋಳಿನ ಒಳಗಿಟ್ಟು
ಡಬ್ಬಿ ಹತ್ತಿರಕ್ಕೆಳೆದು
ಗುಂಡುಸೂಜಿ ಚುಚ್ಚಿದೆ.